ಪೂಜೆಗೆ ಕೂತ ಕಂಪ್ಯೂಟರು

ವಿಡಿಯೋ ಗೇಮಿನ ಹುಚ್ಚು ನನಗೆ ಮೊದಲಿನಿಂದ ಇದೆ, ಆದರೆ ಗೆಲ್ಲುವ ಹುಚ್ಚಲ್ಲ. ಶತ್ರು ಬೆನ್ನ ಹಿಂದೆ ಬಂದರೂ ಕೆರೆ ದಂಡೆಯಲ್ಲಿ ನಿಂತು, ಈ ನೀರಿಗೆ ಹೊಳಪು ಹೇಗೆ ತಂದರು ಮಾರಾಯ್ರೆ ಅಂತ ನೋಡುತ್ತಲೇ ಎಷ್ಟೋ ಸಲ ಸತ್ತವಳು ನಾನು. ಶಿರಸಿಯ ಒಂದು ಸ್ಟುಡಿಯೋದಲ್ಲಿ ಹಗಲಿಡೀ ಮದುವೆ ಆಲ್ಬಮ್ ಜೋಡಿಸಿ ಬಂದು, ಸಂಜೆ ನಾನೂ ಒಂದು ಆಟ ಕಟ್ಟಲು ಕೂತೆ. ಆಟ ಅಂದರೆ ಇಷ್ಟೇ, ಭೈರುಂಬೆ ಹತ್ತಿರದ ಸಹಸ್ರಲಿಂಗದ ಹೊಳೆಯಲ್ಲಿ, ಲಿಂಗ, ನಂದಿ ಕೆತ್ತಿದ ಬಂಡೆಗಳ ನಡುವೆ ಕಲ್ಲಿಂದ ಕಲ್ಲಿಗೆ ನಡೆಯುವುದು. ಅದು ಅಪ್ಪಯ್ಯನಿಗಾಗಿ. ಮಂಡಿ ನೋವು ಹಿಡಿದ ಮೇಲೆ ಅವನು ಆ ಹೊಳೆಯ ಮೆಟ್ಟಿಲಿಳಿಯದೆ ಎರಡು ವರ್ಷವಾಗಿತ್ತು. ವಿಜಯದಶಮಿಗೆ ತೋರಿಸಬೇಕೆಂದಿದ್ದೆ. ಅವನಿಗೆ ಹೇಳಿರಲಿಲ್ಲ.

ಕಲ್ಲುಗಳು ಬೇಗ ಕೂತವು, ನೀರು ಮಾತ್ರ ನನ್ನ ಜೀವ ತಿಂದಿತು. ಒಮ್ಮೆ ಎಣ್ಣೆಯ ಹಾಗೆ ಕಾಣುವುದು, ಒಮ್ಮೆ ಪ್ಲಾಸ್ಟಿಕ್ ಹಾಳೆಯ ಹಾಗೆ. ಮೂರು ತಿಂಗಳು ಒದ್ದಾಡಿದ ಮೇಲೆ ನವಮಿಯ ಹಿಂದಿನ ದಿನ ಸರಿ ಬಂತು. ನವಮಿಯ ಬೆಳಿಗ್ಗೆ, ನೀರಿನ ಮೇಲೆ ಬೆಳಕು ಎಲ್ಲೆಲ್ಲಿ ಬೀಳಬೇಕೆಂಬ ಲೆಕ್ಕವನ್ನು ಕಂಪ್ಯೂಟರಿಗೆ ಹಚ್ಚಿ, ಪರದೆ ಆರಿಸಿ, ಪೂಜೆಗೆ ಹೂ ತರಲು ಪೇಟೆಗೆ ಹೋದೆ. ಅದು ಮುಗಿದು ಫೈಲು ಉಳಿಯಲು ನಾಲ್ಕು ತಾಸು ಬೇಕು, ನಡುವೆ ನಿಂತರೆ ಫೈಲೇ ಹಾಳು. ಕರೆಂಟಿನ ಭಯಕ್ಕೆ ಯುಪಿಎಸ್ ಇಟ್ಟಿದ್ದೆ. ಬೇರೆ ಕಾಪಿ ಇದ್ದದ್ದು ಒಂದೇ, ನೀರಿಗೆ ಕೈ ಹಾಕುವ ಮೊದಲಿನದು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಬಂದು ನೋಡಿದರೆ ದೇವರ ಮುಂದಿನ ಮಣೆಯ ಮೇಲೆ ಅಪ್ಪಯ್ಯ ನಟ್ಟು ತಿರುಗಿಸುವ ಪಾನಾಗಳು, ಕತ್ತಿ, ಕತ್ತರಿ, ಪಕ್ಕದಲ್ಲಿ ನನ್ನ ಕಂಪ್ಯೂಟರು. ವೈರುಗಳನ್ನೆಲ್ಲ ಅವನೇ ಕಿತ್ತು ನೀಟಾಗಿ ಸುತ್ತಿಟ್ಟಿದ್ದ. ಫ್ಯಾನಿನ ಜಾಲರಿಯ ಮೇಲೆ ಹಸಿ ಗಂಧ, ಕುಂಕುಮ.

ಅಪ್ಪಯ್ಯ ಜೀವಮಾನವಿಡೀ ಪಂಪ್‌ಸೆಟ್ ರಿಪೇರಿ ಮಾಡಿದವನು. ಕೆಲಸ ಮಾಡುವ ವಸ್ತುವಿಗೆ ಮಾತ್ರ ಆಯುಧ ಪೂಜೆ ಎಂಬುದು ಅವನ ಕಟ್ಟುನಿಟ್ಟು. ನನ್ನ ಕಂಪ್ಯೂಟರನ್ನು ಆಟದ ಡಬ್ಬಿ ಎನ್ನುತ್ತಿದ್ದ. ಇಷ್ಟು ವರ್ಷ ಅದಕ್ಕೊಂದು ಹೂವನ್ನೂ ಏರಿಸಿರಲಿಲ್ಲ.

“ಇದನ್ನ ಎಂತಕ್ಕೆ ತಂದೆ?” ಅಂದೆ.

“ನೀರು ಬರ್ತಿಲ್ಲೆ, ನೀರು ಬರ್ತಿಲ್ಲೆ ಹೇಳಿ ನೀನು ಮಳೆಗಾಲ ಪೂರ್ತಿ ಗೊಣಗಿದ್ದು ನಾ ಕೇಳಿದ್ದಿ. ನೀರು ತರದು ಕೆಲಸವೇ ಅಲ್ದ? ಹೂ ಕೊಡು.”

ಹಾಳು ಮಾಡಿಬಿಟ್ಟೆಯಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಹೂ ಕೊಟ್ಟೆ. ಮಂತ್ರ ಹೇಳುತ್ತ ಅವನು ಅಕ್ಷತೆ ಹಾಕಿದಾಗ ಎರಡು ಕಾಳು ಜಾಲರಿಯೊಳಗೆ ಇಳಿದದ್ದು ಕಂಡೆ. ಆರತಿಯಾಯಿತು. ಇನ್ನು ಮರುದಿನ ವಿಸರ್ಜನೆಯವರೆಗೆ ಯಾರೂ ಮುಟ್ಟುವಂತಿಲ್ಲ.

ಆ ದಿನ ಪಾಯಸವನ್ನೂ ಅರ್ಧಕ್ಕೇ ಬಿಟ್ಟು ಎದ್ದೆ. ಲೆಕ್ಕ ಅರ್ಧವಾಗಿತ್ತೋ, ಮುಗಿದಿತ್ತೋ, ಗಂಧದ ನೀರು ಒಳಗಿಳಿಯಿತೋ ಎಂದು ಹತ್ತು ಸಲ ದೇವರ ಕೋಣೆಗೆ ಹೋಗಿ ಬಂದೆ. ಭಕ್ತಿ ಹೆಚ್ಚಾಯಿತೆಂದು ಅಪ್ಪಯ್ಯನಿಗೆ ಖುಷಿ. ಸುಳ್ಳೇನಲ್ಲ, ನಾನು ಮನಸಾರೆ ಕೈ ಮುಗಿದದ್ದು ಆ ದಿನವೇ. ಕದ್ದು ತೆಗೆದು ನೋಡಬಹುದಿತ್ತು. ಆದರೆ ಅವನು ಪಾನಾಗಳ ಪಕ್ಕ ಜಾಗ ಮಾಡಿ ಕೊಟ್ಟದ್ದನ್ನು ಎತ್ತಿಕೊಂಡು ಬರಲು ನನಗೆ ಮನಸ್ಸಾಗಲಿಲ್ಲ.

ವಿಸರ್ಜನೆಯಾದ ಮೇಲೆ ಅವರವರ ಆಯುಧದಲ್ಲಿ ಸ್ವಲ್ಪವಾದರೂ ಕೆಲಸ ಮಾಡಬೇಕು. ಅಪ್ಪಯ್ಯ ಹಿತ್ತಿಲಲ್ಲಿದ್ದ ಹಳೇ ಪಂಪಿನ ನಟ್ಟು ಬಿಗಿ ಮಾಡಿ ಬಂದು, ನನ್ನ ಪಕ್ಕ ಕುರ್ಚಿ ಎಳೆದು ಕೂತ. ವೈರುಗಳನ್ನು ಜೋಡಿಸಿ ಬಟನ್ ಒತ್ತಿದೆ. ಫ್ಯಾನು ಅಕ್ಕಿ ಕಾಳಿಗೆ ತಾಗಿ ಟಿಕ್ ಟಿಕ್ ಎಂದಿತು. ಪರದೆ ಬಂತು. ಫೈಲು ತೆರೆಯಲಿಲ್ಲ. ಮೂರು ಸಲ ಒತ್ತಿದೆ, ತೆರೆಯಲಿಲ್ಲ.

ಬೇರೆ ದಾರಿಯಿಲ್ಲದೆ ಹಳೇ ಕಾಪಿ ತೆರೆದೆ. ಬರೀ ಕಲ್ಲು. ಅಳು ಬಂದಿತ್ತು.

“ನೀರು ಹೋತು ಅಪ್ಪಯ್ಯ,” ಅಂದೆ.

ಅವನು ಕನ್ನಡಕ ಹಾಕಿಕೊಂಡು ಬಗ್ಗಿದ. ಪರದೆಯ ಕಲ್ಲುಗಳನ್ನು ಒಂದೊಂದಾಗಿ ನೋಡಿದ.

“ನಮ್ಮ ಸಹಸ್ರಲಿಂಗ,” ಅಂದ. “ನೀರು ಇಳಿದ್ರೇ ಅಲ್ದ ಲಿಂಗ ಕಾಣದು? ಹೊಳೆ ತುಂಬಿದ್ರೆ ಎಂತ ಕಾಣ್ತು? ಆ ನಂದಿ ಹತ್ರ ಹೋಗು.”

ನಾನು ಕೀ ಒತ್ತುತ್ತ ಒಂದೊಂದೇ ಕಲ್ಲು ದಾಟಿದೆ. ನೋಯುವ ಮಂಡಿಯನ್ನು ಅವನ ಕೈ ಬಿಗಿಯಾಗಿ ಹಿಡಿದಿತ್ತು.

“ನಿಧಾನ ಕೂಸೆ,” ಅಂದ, “ಅಲ್ಲಿ ಜಾರ್ತು.”