ಮೀಸೆ ಬರೆದುಕೊಂಡ ಅತ್ತಿ

ಅತ್ತಿ ಹಿಮ್ಮಡಿ ಊರಿದರೆ ನಮ್ಮ ಮನೆಯ ಗೋಡೆಗೂಡಿನಲ್ಲಿದ್ದ ಚಿಮಣಿ ದೀಪ ಅಲುಗುತ್ತಿತ್ತು. ನಮ್ಮದೂ ಆಕೆಯದೂ ಒಂದೇ ಗೋಡೆ. ಮಧ್ಯಾಹ್ನ ಗಂಡಸರೆಲ್ಲ ಗದ್ದೆಗೆ ಹೋದ ಮೇಲೆ ಆ ಗೋಡೆಯಾಚೆ ದಪ್, ದಪ್ ಎಂದು ಕುಣಿತದ ಹೆಜ್ಜೆ ಶುರುವಾಗುತ್ತಿತ್ತು. ಜೋಳ ಹಸನು ಮಾಡುತ್ತ ಕುಳಿತ ನಮ್ಮವ್ವ ತಲೆಯೆತ್ತದೆ, "ಬಂದ ನೋಡು ರಕ್ಕಸ" ಎನ್ನುತ್ತಿದ್ದಳು. ನಾನು ಎದ್ದು ಓಡುತ್ತಿದ್ದೆ.

ಅತ್ತಿ ಎಂದರೆ ರಕ್ತಸಂಬಂಧವೇನಲ್ಲ. ಮಗ್ಗುಲ ಮನೆಯವಳು, ಹಾಗೆ ಕರೆಯುವುದು ರೂಢಿ. ಎತ್ತರದ, ಅಗಲ ಭುಜದ ಹೆಂಗಸು. ತುರ್ವಿಹಾಳದ ಕಾಲುವೆಯ ಈ ದಂಡೆಯಲ್ಲಿ ನಿಂತು ಆಕೆ ಗಂಡನನ್ನು ಊಟಕ್ಕೆ ಕರೆದರೆ ಆ ದಂಡೆಯಲ್ಲಿ ಭತ್ತ ನಾಟಿ ಮಾಡುವವರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ತವರು ಮಸ್ಕಿ ಕಡೆ. ತಂದೆ ಅಲ್ಲಿ ದೊಡ್ಡಾಟ ಕಲಿಸುತ್ತಿದ್ದವರು. ನಿನಗೂ ಅವರೇ ಕಲಿಸಿದರೇನು ಎಂದು ನಾನೊಮ್ಮೆ ಕೇಳಿದ್ದೆ. "ನಮ್ಮಪ್ಪ ನನಗೇನೂ ಕಲಿಸಲಿಲ್ಲ ತಂಗಿ. ತಾಲೀಮಿನಾಗ ಬಾಗಲಾ ಹಾಕೋದು ಮರೀತಿದ್ದ, ಅಷ್ಟ" ಎಂದು ನಕ್ಕಿದ್ದಳು.

ಕಾಲುವೆ ಬಂದ ಮೇಲೆ ನಮ್ಮೂರಿಗೆ ಬೇಸಿಗೆಯ ಬಿಡುವು ಎಂಬುದೇ ಇಲ್ಲವಾಯಿತು. ಮೊದಲು ಸುಗ್ಗಿ ಮುಗಿದರೆ ದೊಡ್ಡಾಟದ ತಾಲೀಮು; ಈಗ ಸುಗ್ಗಿ ಮುಗಿಯುವುದರೊಳಗೆ ಎರಡನೇ ಬೆಳೆಗೆ ನೀರು. ಆಟಕ್ಕೆ ಗಂಡಸರು ಸಿಗುವುದೇ ಕಷ್ಟವಾಯಿತು. ಆ ವರ್ಷವಂತೂ ರಕ್ಕಸ ದೊರೆಯ ಪಾತ್ರ ಮಾಡುತ್ತಿದ್ದ ಕಟ್ಟುಮಸ್ತಾದ ಆಳು ಹಟ್ಟಿಯ ಚಿನ್ನದ ಗಣಿಗೆ ಪಾಳಿ ಕೆಲಸಕ್ಕೆ ಹೋಗಿಬಿಟ್ಟ. ರಜೆ ಸಿಗಲಿಲ್ಲವೆಂದು ಹೇಳಿ ಕಳಿಸಿದ. ರಕ್ಕಸನಿಲ್ಲದೆ ಆಟವೇ ಇಲ್ಲ.

ಅಂದು ಸಂಜೆ ಅತ್ತಿ ತಾಲೀಮು ನಡೆಯುವ ಕಟ್ಟೆಗೆ ಹೋದಳು. ಅವ್ವನ ಕಣ್ಣು ತಪ್ಪಿಸಿ ನಾನೂ ಹಿಂದೆ ಹೋದೆ. ಆಟ ಕಲಿಸುವವರೂ ಸಾರಥಿಯ ಪಾತ್ರ ಮಾಡುವವರೂ ಒಬ್ಬರೇ, ಊರೆಲ್ಲ ಸಾರಥಿ ತಾತ ಎನ್ನುತ್ತಿದ್ದ ಮುದುಕರು. ಅವರ ಪಕ್ಕದಲ್ಲಿ ಗೌಡರು ಕುಳಿತಿದ್ದರು. ಅತ್ತಿ ಸೆರಗು ತಲೆಯ ಮೇಲೆಳೆದು, ಆ ಪಾತ್ರ ನನಗ ಕೊಡ್ರಿ ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ನಗತೊಡಗಿದರು.

ಗೌಡರು ಮಾತ್ರ ನಗಲಿಲ್ಲ. "ಹೆಣ್ಮಗಳು ಮೀಸಿ ಹಚ್ಚಿದ್ರ ಊರಿಗೆ ಮಳಿ ಆಗಂಗಿಲ್ಲವ್ವಾ."

"ಮಳಿ ಯಾಕ ಬೇಕ್ರೀ ಗೌಡ್ರ, ಕಾಲುವಿ ಬಂದೈತಲ್ಲ."

ಈಗ ನಗು ತಿರುಗಿ ಗೌಡರ ಕಡೆ ಹೋಯಿತು. ಅತ್ತಿ ಅಲ್ಲಿಗೇ ಬಿಡಲಿಲ್ಲ. ನಮ್ಮೂರ ಕಿರಾಣಿ ಅಂಗಡಿಯವರು ವರ್ಷಕ್ಕೊಮ್ಮೆ ಮೀಸೆ ಬೋಳಿಸಿ ರಾಣಿಯ ಪಾತ್ರ ಮಾಡುತ್ತಿದ್ದರು. ಅವರ ಕಡೆ ಕೈ ಮಾಡಿ, "ಇವ್ರು ಮೀಸಿ ತಗದು ರಾಣಿ ಆಗ್ತಾರ. ಆ ತಗದ ಮೀಸಿ ನನಗ ಕೊಡ್ರಿ, ನಾ ದೊರಿ ಆಗ್ತೀನಿ. ಲೆಕ್ಕ ಸರಿಹೋತು" ಎಂದಳು.

ತಾತ ತಾಳ ಕೈಗೆತ್ತಿಕೊಂಡು ಹೆಜ್ಜೆ ಹಾಕಿ ತೋರಿಸು ಎಂದು ಸನ್ನೆ ಮಾಡಿದರು. ಅತ್ತಿ ಹಾಕಿದಳು. ಕಟ್ಟೆಯ ಮೇಲಿನ ಮಣ್ಣು ಎದ್ದಿತು. ಪಾತ್ರ ಆಕೆಗೇ ಆಯಿತು.

ಅಲ್ಲಿಂದ ಆಟದ ದಿನದವರೆಗೂ ಆ ಮನೆಯಲ್ಲಿ ಬೇರೆ ಮಾತಿಲ್ಲ. ದೊಡ್ಡಾಟದಲ್ಲಿ ಒಂದು ಕಟ್ಟಳೆ ಇದೆ. ಪಾತ್ರ ಎಷ್ಟೇ ದೊಡ್ಡದಿರಲಿ, ಹಲಗೆ ಹಾಸಿದ ರಂಗದಟ್ಟದ ಮೇಲೆ ಬಂದು ಕುಣಿದು ನಿಂತಾಗ ಸಾರಥಿ "ತಾವು ಧಾರು?" ಎಂದು ಆಟದ ಭಾಷೆಯಲ್ಲಿ ಹೆಸರು ಕೇಳಬೇಕು. ಕೇಳಿದ ಮೇಲೆಯೇ ಪಾತ್ರಕ್ಕೆ ಬಾಯಿ. ಮನೆಯಲ್ಲಿ ಸಾರಥಿಯ ಕೆಲಸ ಅತ್ತಿಯ ಗಂಡನದು. ಊರಲ್ಲಿ ಯಾರೊಂದಿಗೂ ಹೆಚ್ಚು ಮಾತಾಡದ ಮಾವ ರೊಟ್ಟಿ ಮುರಿಯುತ್ತ, ಎಮ್ಮೆಗೆ ಹುಲ್ಲು ಹಾಕುತ್ತ, "ತಾವು ಧಾರು?" ಎಂದು ಕೇಳುತ್ತಿದ್ದರು. ಕೇಳುವುದು ತಡವಾದರೆ ಅತ್ತಿ ಬಾಯಿ ಬಿಡದೆ ಅವರ ಮುಂದೆ ಸುಮ್ಮನೆ ಕಾಯುತ್ತಿದ್ದಳು. ಮಾವ ಸಾಕಾಗಿ, "ತುತ್ತು ನುಂಗಾಕರ ಬಿಡು ಮಾರಾಯ್ತಿ, ಕೇಳ್ತೀನಿ" ಎನ್ನುತ್ತಿದ್ದರು.

ಗೌಡರ ಕಡೆ ನಡೆದದ್ದು ನಮಗೆ ತಿಳಿದದ್ದು ಆಮೇಲೆ. ಲಿಂಗಸುಗೂರು, ಮುದಗಲ್ ಕಡೆಯ ಬೀಗರೆಲ್ಲ ಆಟಕ್ಕೆ ಬರುವವರಿದ್ದರು. ಅವರೆದುರು ನಮ್ಮೂರ ಹೆಣ್ಣು ಗಂಡಸಿನಂತೆ ಅಬ್ಬರಿಸಿದರೆ ಮರ್ಯಾದೆ ಏನಾದೀತು ಎಂದು ಗೌಡರಿಗೆ ಚಿಂತೆ. ಅವರು ಸಾರಥಿ ತಾತನನ್ನು ಕರೆಸಿ ಒಂದು ಉಪಾಯ ಹೇಳಿದ್ದರು: ಬರಲಿ, ಎರಡು ಸುತ್ತು ಕುಣಿಯಲಿ. ನೀ ಕೇಳಬೇಡ. ಕೇಳದಿದ್ದರೆ ತಾನೇ ಒಳಗೆ ಹೋಗುತ್ತಾಳೆ. ಬೇಡ ಎಂದ ಹಾಗೂ ಆಗುವುದಿಲ್ಲ.

ರಾತ್ರಿ ಶುರುವಾದ ಆಟದಲ್ಲಿ ಅತ್ತಿಯ ಪ್ರವೇಶ ಬರುವಷ್ಟರಲ್ಲಿ ಬೆಳಗಾಗಿತ್ತು. ಗ್ಯಾಸ್‌ಬತ್ತಿ ಆರಿಸಿದ್ದರು. ಮಬ್ಬು ಬೆಳಕಿನಲ್ಲಿ ಗಂಡೋ ಹೆಣ್ಣೋ ತಿಳಿಯದಿರಬಹುದಿತ್ತು. ಎಳೆಬಿಸಿಲಿನಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು. ಪರದೆ ಸರಿಯಿತು. ಕಿರೀಟ, ಭುಜಕೀರ್ತಿ, ಕಾಡಿಗೆಯಲ್ಲಿ ಬರೆದ ಕಿವಿಯವರೆಗಿನ ಮೀಸೆ! ಹೆಂಗಸರ ನಡುವೆ ಕುಳಿತಿದ್ದ ನಾನು ಅವ್ವನ ತೋಳನ್ನು ಗಟ್ಟಿಯಾಗಿ ಹಿಡಿದೆ. ಅತ್ತಿ ಕುಣಿಯುತ್ತ ಬಂದಳು, ಹಲಗೆಗಳು ಗುಡುಗಿದವು. ಒಂದು ಸುತ್ತು ಮುಗಿಸಿ ನಿಂತಳು. ಸಾರಥಿ ತಾತ ನೆಲ ನೋಡುತ್ತಿದ್ದರು.

ಮದ್ದಲೆಯವ ಮತ್ತೆ ಬಾರಿಸಿದ. ಅತ್ತಿ ಮತ್ತೆ ಕುಣಿದಳು, ಮತ್ತೆ ನಿಂತಳು. ತಾತ ಕೇಳಲಿಲ್ಲ. ಮಂದಿಯಲ್ಲಿ ಗುಜುಗುಜು ಶುರುವಾಯಿತು. ಆಗ ಗಂಡಸರ ಕಡೆಯಿಂದ ಮಾವ ಎದ್ದು ನಿಂತರು. ಆ ಮೌನದ ಮನುಷ್ಯ ಊರಿಗೆಲ್ಲ ಕೇಳುವಂತೆ, "ತಾವು ಧಾರು?" ಎಂದುಬಿಟ್ಟರು. ಊರು ಬಿದ್ದುಬಿದ್ದು ನಕ್ಕಿತು. ಅತ್ತಿ ಅವರ ಕಡೆ ತಿರುಗಲೂ ಇಲ್ಲ. "ಅವ್ರು ಮನ್ಯಾಗ ಸಾರಥಿ, ಅಲ್ಲಿ ಆಟ ನೋಡಾಕ ಬಂದವ್ರು" ಎಂದು ಆಮೇಲೆ ನನಗೆ ಹೇಳಿದಳು.

ಆಕೆ ಮತ್ತೊಂದು ಸುತ್ತು ಬಂದಳು. ಬೆವರಿಗೆ ಮೀಸೆಯ ಒಂದು ತುದಿ ಇಳಿಯುತ್ತಿತ್ತು, ಹೆಜ್ಜೆ ಮಾತ್ರ ಒಂದೂ ಸಡಿಲವಾಗಲಿಲ್ಲ. ನೇರ ತಾತನ ಮುಂದೆ ಬಂದು ಬಲಗಾಲು ಎತ್ತಿ, ಗದೆ ಹೆಗಲಿಗೇರಿಸಿ, ಹಾಗೇ ನಿಂತಳು. ಮದ್ದಲೆ ನಿಂತಿತು. ಕೇಳದೆ ಆಕೆ ಮಾತಾಡುವವಳಲ್ಲ, ಮಾತಾಡದೆ ಒಳಗೆ ಹೋಗುವವಳೂ ಅಲ್ಲ. ಎತ್ತಿದ ಕಾಲು ನಡುಗತೊಡಗಿತು. ತಾತ ಗೌಡರನ್ನು ನೋಡಿದರು. ಗೌಡರು ಬೇಡವೆಂದು ತಲೆ ಅಲ್ಲಾಡಿಸಿದರು. ತಾತ ಆ ಕಾಲನ್ನು ನೋಡಿದರು.

"ಭೂಮಿ ನಡುಗುವಂತೆ ಸಭೆಗೆ ಬಂದು ನಿಂತಂಥ ತಾವು ಧಾರು? ತಮ್ಮ ನಾಮಾಂಕಿತವೇನು?"

ಎತ್ತಿದ ಕಾಲು ಹಲಗೆಗೆ ಬಿತ್ತು. "ಎಲೈ ಸಾರಥಿ, ನಮ್ಮನ್ನು ಧಾರೆಂದು ಕೇಳುತ್ತೀಯಾ?" ಎಂದು ಅತ್ತಿ ಅಬ್ಬರಿಸಿದ ದನಿಗೆ ಮುಂದೆ ಕುಳಿತ ಮಕ್ಕಳು ಅಳುತ್ತ ಹಿಂದಕ್ಕೆ ಓಡಿದವು, ಗೌಡರು ಕುರ್ಚಿ ಸಮೇತ ಹಿಂದೆ ಸರಿದರು. ಹೆಂಗಸರ ಕಡೆಯಿಂದ ಎದ್ದ ಕೇಕೆ ಇನ್ನೂ ನನ್ನ ಕಿವಿಯಲ್ಲಿದೆ. ಅದರಲ್ಲಿ ನಮ್ಮವ್ವನ ದನಿಯೂ ಇತ್ತು.

ಗೌಡರ ಮಾತು ಯಾಕೆ ಮೀರಿದಿರಿ ಎಂದು ತಾತನನ್ನು ಮಾವ ಕೇಳಿದಾಗ ತಾತ ಹೇಳಿದ್ದು ಇಷ್ಟು: "ಗೌಡನ ಸಿಟ್ಟು ನಾಕ ದಿನ ಇರತೈತಿ. ಅಂಥಾ ಹೆಜ್ಜಿ ಕಂಡೂ ಕೇಳಲಿಲ್ಲಂದ್ರ ನಾ ಯಾತರ ಸಾರಥಿ?"

ನಾನು ಆಗಿನಿಂದಲೂ ತಪ್ಪದೆ ದಿನಚರಿ ಬರೆಯುವವಳು. ಕಾಲುವೆಗೆ ನೀರು ಬಿಟ್ಟದ್ದು, ಸಿಂಧನೂರಿನ ಬಸ್ಸು ತಡವಾದದ್ದು, ಎಲ್ಲವೂ ಅದರಲ್ಲಿರುತ್ತವೆ. ಆ ದಿನದ ಪುಟದಲ್ಲಿ ಒಂದೇ ವಾಕ್ಯವಿದೆ: ತಾತ ಕೇಳಿದರು.

ಈಗ ತಾತನಿಗೆ ಕಣ್ಣು ಮಂಜಾಗಿದೆ. ತಾಲೀಮು ನಡೆಸುವವಳು ಅತ್ತಿಯೇ. ಮಸ್ಕಿ ಕಡೆಯ ಹಳ್ಳಿಗಳಿಂದಲೂ ಕರೆಯಲು ಬರುತ್ತಾರೆ. ನನ್ನ ಋಣ ಬೇರೆಯದು. ಶಾಲೆಯಲ್ಲಿ ಹೆಸರು ಕೂಗಿದರೆ ಹಾಜರು ಎನ್ನಲೂ ದನಿ ಏಳದ ಹುಡುಗಿ ನಾನು. ನನ್ನನ್ನು ಕಾಲುವೆಯ ದಂಡೆಗೆ ನಿಲ್ಲಿಸಿ, ಆಚೆ ದಂಡೆಯಲ್ಲಿ ತಾನು ನಿಂತು, "ಕೇಳವಲ್ದು, ಹೊಟ್ಟಿಲೆ ಮಾತಾಡು. ಗಂಟಲ ಇರೋದು ನುಂಗಾಕ" ಎಂದು ಎಷ್ಟು ಮಧ್ಯಾಹ್ನ ಕೂಗಿಸಿದಳೋ! ಈ ವರ್ಷ ರಾಣಿಯ ಪಾತ್ರ ನನ್ನದು. ಹೆಣ್ಣಿನ ನಡಿಗೆ ಹೇಗಿರಬೇಕೆಂದು ಕಿರಾಣಿ ಅಂಗಡಿಯವರು ದಿನವೂ ನನಗೆ ತಿದ್ದಿ ಹೇಳುತ್ತಾರೆ.

ನಾಳೆಯೇ ಆಟ. ಮಾತೆಲ್ಲ ಮರೆತುಹೋದರೇನು ಗತಿ, ಅಂಜಿಕೆಯಾಗುತ್ತಿದೆ ಎಂದು ಈಗಷ್ಟೇ ಅತ್ತಿಗೆ ಹೇಳಿದೆ. ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅಂಜಿಕಿ ಬಂದ್ರ ಬರ್ಲಿ ಬೇ. ಊರೆಲ್ಲಾ ಬರತೈತಿ, ಅದೊಂದಕ್ಕ ಯಾಕ ಬ್ಯಾಡ ಅಂತೀ? ಅದೂ ಒಂದ ಕಡೆ ಕುಂತು ಆಟ ನೋಡ್ಲಿ."