ಹೆಸರು ಗೊತ್ತಿಲ್ಲದ ಚಿಗವ್ವ

ನನ್ನ ಚಿಗವ್ವನಿಗೆ ಇರುವುದು ಒಂದೇ ಹೆಸರು. ನಮ್ಮೂರು ಬಮ್ಮಿಗಟ್ಟಿಯಲ್ಲಿ ಅದು ಯಾರಿಗೂ ಕಡಿಮೆ ಅನ್ನಿಸಿರಲಿಲ್ಲ. ಆಧಾರ್ ಕಾರ್ಡಿನಲ್ಲೂ, ಅದನ್ನು ನೋಡಿ ಮಾಡಿಸಿದ ಪಾಸ್‌ಪೋರ್ಟಿನಲ್ಲೂ ಅದೊಂದೇ ಇತ್ತು. ಅಷ್ಟು ಸಾಲದು ಎಂದು ನಮಗೆ ತಿಳಿದದ್ದು ವೀಸಾ ಅರ್ಜಿ ತುಂಬುವಾಗ.

ಚಿಗವ್ವ ಕಸೂತಿ ಹಾಕುವವಳು. ಎಳೆ ಎಣಿಸಿ, ಎಲ್ಲೂ ಗಂಟು ಬಾರದಂತೆ, ಇಳಕಲ್ ಸೀರೆಯ ಮೇಲೆ ಆನೆ, ನವಿಲು ಮೂಡಿಸುತ್ತಾಳೆ. ದೂರದ ದೇಶದ ಒಂದು ವಸ್ತುಸಂಗ್ರಹಾಲಯದವರು ಅವುಗಳ ಫೋಟೊ ನೋಡಿ, ಹತ್ತು ದಿನ ಬಂದು ಜನರೆದುರು ಕೂತು ಕೆಲಸ ತೋರಿಸಿ ಎಂದು ಕರೆದರು. ಅಳ್ನಾವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಮಾತು ತಿಳಿಸಲು ಜೊತೆಗೆ ಹೊರಟೆ.

ಹುಬ್ಬಳ್ಳಿಯ ವೀಸಾ ಏಜೆಂಟ್ ಎಂದೂ ವಿಮಾನ ಹತ್ತಿದವನಲ್ಲ, ಆದರೆ ಲೋಕದ ಎಲ್ಲ ದೇಶಗಳ ಬಗ್ಗೆ ಬೇಸತ್ತವನಂತೆ ಮಾತಾಡುತ್ತಿದ್ದ. ಚಿಗವ್ವನ ಹೆಸರನ್ನು ಮನೆತನದ ಹೆಸರಿನ ಖಾನೆಗೆ ತಳ್ಳಿ, ಮೊದಲ ಹೆಸರಿನ ಖಾನೆಯಲ್ಲಿ ‘ಗೊತ್ತಿಲ್ಲ’ ಎಂಬ ಅರ್ಥದ ಎಫ್‌ಎನ್‌ಯು ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದ. ಎದುರಿಗೇ ಕೂತಿದ್ದಾಳಲ್ಲ, ಕೇಳಿದರೆ ಹೇಳುತ್ತಾಳೆ ಎಂದೆ. “ರೂಲ್ಸ್ ಹಂಗ ಐತ್ರಿ ಟೀಚರ” ಎಂದು ಮುಂದಿನ ಪುಟಕ್ಕೆ ಹೋದ.

ಮುಂದಿನ ಪುಟದಲ್ಲಿ ಪ್ರಶ್ನೆಗಳಿದ್ದವು. ನೀವು ಗೂಢಚಾರಿಕೆಗೆ ಬರುತ್ತಿದ್ದೀರಾ? ಬಾಂಬ್ ಹಾಕುವವರ ಜೊತೆ ಸೇರಿದ್ದೀರಾ? ಜನರ ಸಾಮೂಹಿಕ ಕೊಲೆಯಲ್ಲಿ ಭಾಗವಹಿಸಿದ್ದೀರಾ? ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಮೊದಲೆರಡಕ್ಕೆ ಚಿಗವ್ವ ನಕ್ಕಳು. ಮೂರನೆಯದಕ್ಕೆ ನಗಲಿಲ್ಲ.

“ಇದಕ್ಕ ಹೌದು ಅಂತ ಯಾರರ ಬರದಾರೇನು?” ಎಂದು ಕೇಳಿದಳು.

ಏಜೆಂಟ್ ಮೂರಕ್ಕೂ ‘ಇಲ್ಲ’ ಒತ್ತಿದ. ಇಂಥ ಬಲೆ ಹೆಣೆದು ಕೊಲೆಗಾರರು ತಾವಾಗಿ ಬಂದು ಬೀಳಲಿ ಎಂದು ಕಾಯುವ ಬುದ್ಧಿವಂತರ ಬಗ್ಗೆ ನನಗೆ ಅಂದಿನಿಂದ ಗೌರವ ಉಳಿದಿಲ್ಲ.

ಸಂದರ್ಶನ ಚೆನ್ನೈಯಲ್ಲಿ. ಬಿಸಿಲಿನಲ್ಲಿ ಎರಡು ತಾಸು ನಿಂತೆವು. ಗಾಜಿನ ಹಿಂದೆ ಕೂತಿದ್ದ ತರುಣ ಅಧಿಕಾರಿ ಚಿಗವ್ವನ ಸೀರೆಯತ್ತ ಕಣ್ಣೆತ್ತಲಿಲ್ಲ. ಈಕೆ ವಾಪಸ್ ಬರುತ್ತಾಳೆ ಎನ್ನಲು ಏನು ಸಾಕ್ಷಿ ಎಂದು ನನ್ನನ್ನು ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ನಾ ಅಲ್ಲಿ ಯಾಕ ಇರ್ಲಿ? ನಂದ ಅಲ್ಲೇನೈತಿ? ಹಿಂಗ ಕೇಳು ಅಂವಗ” ಎಂದಳು ಚಿಗವ್ವ.

ನಾನು ಹಾಗೆ ಕೇಳಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಹೊಲ ಇದೆ, ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ನಿಮ್ಮ ದೇಶದ ಮೇಲೆ ತುಂಬಾ ಅಭಿಮಾನ ಎಂದು ಇಂಗ್ಲಿಷಿನಲ್ಲಿ ಹಲ್ಲು ಕಿಸಿದೆ. ಅಧಿಕಾರಿ ತಲೆಯಾಡಿಸಿದ. ತಾನು ಹೇಳಿದ್ದಕ್ಕೆ ಅವನು ಒಪ್ಪಿದ ಎಂದು ಚಿಗವ್ವ ತಿಳಿದಳು. ವಾರದಲ್ಲಿ ವೀಸಾ ಬಂತು. ಅದರಲ್ಲಿ ಆಕೆಯ ಮೊದಲ ಹೆಸರು ‘ಗೊತ್ತಿಲ್ಲ’ ಎಂದೇ ಅಚ್ಚಾಗಿತ್ತು.

ವಿಮಾನ ಇಳಿಯುವ ಮುಂಚೆ ತುಂಬುವ ಚೀಟಿಯಲ್ಲಿ ತಿನ್ನುವ ಸಾಮಾನು, ಕಾಯಿಪಲ್ಲೆ, ಬೀಜ, ಮಣ್ಣು ತಂದಿದ್ದೀರಾ ಎಂದು ಕೇಳಿದ್ದರು. ಎಲ್ಲದಕ್ಕೂ ಇಲ್ಲ ಎನ್ನಿ ಎಂದು ಏಜೆಂಟ್ ಹೇಳಿಕೊಟ್ಟಿದ್ದ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇವೆ ಎಂದು ಗೊತ್ತಿದ್ದೂ ನಾನು ಇಬ್ಬರ ಚೀಟಿಯಲ್ಲೂ ‘ಇಲ್ಲ’ಕ್ಕೆ ಗುರುತು ಹಾಕಿದೆ. ಪಾಠ ಹೇಳುವವಳ ಬುದ್ಧಿ ಇಷ್ಟು.

ಇಳಿದ ಮೇಲೆ, ಸಾಮಾನು ಮೂಸಿ ನೋಡುವ ಒಂದು ಸಣ್ಣ ನಾಯಿ ಚಿಗವ್ವನ ಚೀಲದ ಪಕ್ಕ ಬಂದು ಸುಮ್ಮನೆ ಕೂತಿತು. ನಮ್ಮನ್ನು ಬದಿಗೆ ಕರೆದು ಚೀಲ ಬಿಚ್ಚಿಸಿದರು. ಕಸ್ಟಮ್ಸಿನ ಹೆಂಗಸು ಕೈಗವಸು ಹಾಕಿಕೊಂಡು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿತ್ತಲ ಕರಿಬೇವು ಇತ್ತು. ಅದು ನನಗೂ ಗೊತ್ತಿರಲಿಲ್ಲ. ಹಸಿ ಎಲೆಯಲ್ಲಿ ನಿಂಬೆ ಜಾತಿಯ ಗಿಡಗಳಿಗೆ ತಗಲುವ ಹುಳ ಬರಬಹುದಂತೆ. ರೊಟ್ಟಿ, ಚಟ್ನಿಗೆ ತಕರಾರೇ ಇರಲಿಲ್ಲ. ಹೌದು ಎಂದು ಬರೆದಿದ್ದರೆ ಎಲೆ ತೆಗೆದುಕೊಂಡು ಕಳಿಸುತ್ತಿದ್ದೆವು, ಸುಳ್ಳು ಬರೆದದ್ದೇ ತಪ್ಪು ಎಂದಳು. ಆ ಇಡೀ ಪಯಣದಲ್ಲಿ ನನಗೆ ಕೇಳಿಸಿದ ಒಂದೇ ಒಂದು ನೆಟ್ಟಗಿನ ನಿಯಮ ಅದು. ಮುರಿದವಳು ನಾನು.

ಏನೆನ್ನುತ್ತಾಳೆ ಎಂದು ಚಿಗವ್ವ ಕೇಳಿದಳು. ಹೇಳಿದೆ.

“ನಾ ಏನ್ ಕಳವು ಮಾಡಿ ತಂದೀನೇನ ಬೇ? ಕೇಳಿದ್ದಕ್ಕ ಇದ್ದದ್ದು ಹೇಳಾಕ ನಿನಗೇನಾಗಿತ್ತು?”

ಎಚ್ಚರಿಕೆ ಕೊಟ್ಟು ಬಿಟ್ಟರು. ಕರಿಬೇವು ಕೆಂಪು ಡಬ್ಬಿ ಸೇರಿತು. ಚಿಗವ್ವ ಚೀಲವನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತು ನಡೆದಳು.

ಮರುದಿನ ವಸ್ತುಸಂಗ್ರಹಾಲಯದಲ್ಲಿ ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಗುರುತಿನ ಚೀಟಿಯಲ್ಲಿ ವೀಸಾದ ಆ ಮೂರು ಅಕ್ಷರಗಳೇ ಇದ್ದವು. ಬಂದವರೆಲ್ಲ ಅದನ್ನೇ ಹೆಸರೆಂದು ತಿಳಿದು, ಮೂರು ಅಕ್ಷರ ಕೂಡಿಸಿ ಏನೇನೋ ಉಚ್ಚರಿಸಿ ಆಕೆಯನ್ನು ಮಾತಾಡಿಸಿದರು. ಎಷ್ಟು ಚಂದದ ಹೆಸರು ಎಂದು ಹೊಗಳಿದವರೂ ಇದ್ದರು. ಮೂರನೆಯ ದಿನ ಚಿಗವ್ವ ಅದರ ಅರ್ಥ ಕೇಳಿದಳು. ಅಂದು ಮಾತ್ರ ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಚೆನ್ನೈಯಲ್ಲಿ ಆಕೆಯ ಮಾತು ಬದಲಿಸಿದ್ದನ್ನೂ ಹೇಳಿಬಿಟ್ಟೆ. ಆಕೆ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು. ಚೀಟಿಯನ್ನು ಕೊರಳಿನಿಂದ ತೆಗೆದು ನನ್ನ ಕೈಗಿಟ್ಟು, ಮತ್ತೆ ಎಳೆ ಎಣಿಸತೊಡಗಿದಳು.

ಮುಂದಿನ ವರ್ಷ ಬೇರೊಂದು ದೇಶದಿಂದ ಕರೆ ಬಂತು. ಮಾತು ತಿಳಿಸಲು ಚಿಗವ್ವ ದುಮ್ಮವಾಡದ ಒಬ್ಬ ನಿವೃತ್ತ ನರ್ಸಮ್ಮನನ್ನು ಕರೆದುಕೊಂಡು ಹೋಗಿಬಂದಳು. ನರ್ಸಮ್ಮನ ಇಂಗ್ಲಿಷ್ ನನ್ನದರಷ್ಟು ಚೆನ್ನಾಗಿಲ್ಲ.