ಹಾಲಿನಂಥ ಬಣ್ಣ

ದಿಲ್ಲಿಯ ಲೋಧಿ ಕಾಲೋನಿಯ ಹಾಲಿನ ಬೂತಿನ ಮುಂದೆ ಬೆಳಗಿನ ಸಾಲಿನಲ್ಲಿ ಬಟ್ಟೆ ಚೀಲ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವರು ಮನೋರಮಾ. ಗಂಡ ತೀರಿಕೊಂಡ ಮೇಲೆ, ೨೦೦೪ರಲ್ಲಿ, ಚಿತ್ರದುರ್ಗದಿಂದ ಮಗ ದಿಲೀಪನ ಸರ್ಕಾರಿ ಕ್ವಾರ್ಟರ್ಸಿಗೆ ಬಂದಿದ್ದರು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಮೊಮ್ಮಗಳು ಧಾರಿಣಿಗೆ ಆಗಷ್ಟೇ ವರ್ಷ ತುಂಬಿತ್ತು. ಮನೋರಮಾಗೆ ಹಿಂದಿ ಬರುತ್ತಿರಲಿಲ್ಲ. ಅದರಿಂದ ತೊಂದರೆಯಾಗಿದ್ದು ಅವರಿಗಲ್ಲ, ಬೂತಿನವನಿಗೆ. ಅವನು ಫುಲ್ ಕ್ರೀಮ್, ಟೋನ್ಡ್, ಡಬಲ್ ಟೋನ್ಡ್ ಎಂದು ಒಪ್ಪಿಸಿದರೆ ಇವರು ಕನ್ನಡದಲ್ಲೇ, "ಕೆನೆ ತೆಗೆದಿದ್ದು ಯಾರಿಗೆ ಬೇಕಪ್ಪ, ಗಟ್ಟಿ ಹಾಲು ಕೊಡು" ಎನ್ನುತ್ತಿದ್ದರು.

ಹಾಲಿನ ಮೇಲೆ ಈ ಪಾಟಿ ಆಸೆಗೆ ಕಾರಣವಿತ್ತು. ಅವರು ಹುಟ್ಟಿದ ಮನೆಯಲ್ಲಿ ಹಸು ಕರೆಯುತ್ತಿದ್ದರೂ ಹಾಲು ಗಂಡುಮಕ್ಕಳಿಗೆ, ನೀರುಮಜ್ಜಿಗೆ ಹೆಣ್ಣುಮಕ್ಕಳಿಗೆ. ಅಣ್ಣ ಕುಡಿದಿಟ್ಟ ಲೋಟದ ಅಂಚಿನ ಕೆನೆಯನ್ನು ಬೆರಳಲ್ಲಿ ಒರೆಸಿ ನೆಕ್ಕಿದ್ದನ್ನು ಮನೋರಮಾ ಅರವತ್ತು ದಾಟಿದ ಮೇಲೂ ಮರೆತಿರಲಿಲ್ಲ. ಹೇಳುವಾಗ ಈಗಲೂ ಸಿಟ್ಟು ಬರುತ್ತಿತ್ತು. ಮೊಮ್ಮಗಳಿಗೆ ಹಾಗಾಗಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಧಾರಿಣಿಗೆ ಎದ್ದ ಕೂಡಲೇ ಹಾಲು, ಅನ್ನ ಬೇಡವೆಂದು ಮುಖ ತಿರುಗಿಸಿದರೆ ಹಾಲು, ಅತ್ತರೆ ಹಾಲು, ಮಲಗುವಾಗ ಬಾಟಲಿ ತುಂಬ ಹಾಲು. ಸೊಸೆ ಶ್ರೀಲಕ್ಷ್ಮಿ ಒಮ್ಮೆ ಬಾಯಿಬಿಟ್ಟಳು.

"ಅತ್ತೆ, ಇವಳು ಒಂದು ತುತ್ತು ಅನ್ನಾನೂ ತಿನ್ನಲ್ಲ. ಹಾಲು ಸ್ವಲ್ಪ ಕಮ್ಮಿ ಮಾಡೋಣವಾ?"

"ಹಾಲು ಕುಡಿದು ಕೆಟ್ಟ ಮಗೂನ ಎಲ್ಲಾದ್ರೂ ನೋಡಿದೀಯಾ?"

ಶ್ರೀಲಕ್ಷ್ಮಿ ಮತ್ತೆ ಕೇಳಲಿಲ್ಲ. ಮಗುವನ್ನು ನೋಡಿಕೊಳ್ಳುವವರನ್ನು ಎದುರು ಹಾಕಿಕೊಂಡು ಆಫೀಸಿಗೆ ಹೋಗುವುದು ಹೇಗೆ?

ಅಷ್ಟರಲ್ಲಿ ಮಗುವಿನ ಬಣ್ಣ ತಿಳಿಯಾಗತೊಡಗಿತು. ಅಪ್ಪನ ಹಾಗೆ ಎಣ್ಣೆಗಪ್ಪಾಗಿದ್ದ ಕೂಸು ನೋಡನೋಡುತ್ತ ಬಿಳುಪೇರಿತು. ಕೆಳಗಿನ ಮನೆಯ ಕಪೂರ್ ಆಂಟಿ, "ಬಚ್ಚೀ ಗೋರಿ ಹೋ ಗಯೀ" ಎಂದರು. ಮಗು ಬೆಳ್ಳಗಾಗಿದೆ ಎಂಬ ಆ ಮಾತೇ ಮನೋರಮಾ ಕಲಿತ ಮೊದಲ ಹಿಂದಿ. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದರು. ಮಗು ಓಡಾಡದೆ ಮೂಲೆಯಲ್ಲಿ ಕೂತಿರುತ್ತಿದ್ದುದು ಅವರಿಗೆ ಸಾಧುಸ್ವಭಾವವಾಗಿ ಕಂಡಿತು. ಗೋಡೆಯ ಸುಣ್ಣ ಕೆರೆದು ತಿನ್ನುವುದನ್ನು ಕಂಡ ದಿನ ಮಾತ್ರ ಶ್ರೀಲಕ್ಷ್ಮಿ ತಡೆಯಲಾರದೆ ರಜೆ ಹಾಕಿ ಡಾಕ್ಟರ ಹತ್ತಿರ ಕರೆದೊಯ್ದಳು. ಮನೋರಮಾ ಜೊತೆಗೆ ಹೋದರು.

ಡಾಕ್ಟರು ಮಗುವಿನ ಕೆಳರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ಶ್ರೀಲಕ್ಷ್ಮಿ ಬಿಡಿಸಿ ಹೇಳಿದಳು: "ಅತ್ತೆ, ಇವಳು ಬೆಳ್ಳಗಾಗಿಲ್ಲವಂತೆ. ಮೈಯಲ್ಲಿ ರಕ್ತಾನೇ ಕಮ್ಮಿಯಂತೆ. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲ ಅಂತಲೇ ಅನ್ನಬೇಕಂತೆ. ಹೊಟ್ಟೆಯೆಲ್ಲ ಅದೇ ತುಂಬಿದ್ರೆ ಬೇರೆ ಏನೂ ಸೇರಲ್ಲ. ದಿನಕ್ಕೆ ಎರಡು ಸಣ್ಣ ಲೋಟ ಸಾಕಂತೆ."

ಮನೋರಮಾ ಮನೆಗೆ ಬಂದು ಮಗುವಿನ ರೆಪ್ಪೆಯನ್ನು ತಾವೇ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತರು. ಸೊಸೆ ಬೈದಿದ್ದರೆ ಹಗುರವಾಗುತ್ತಿತ್ತೇನೋ, ಅವಳು ಬೈಯಲಿಲ್ಲ.

ಬಾಟಲಿ ಕಸಕ್ಕೆ ಹೋಯಿತು. ಮಗು "ಹಾಲೂ, ಹಾಲೂ" ಎಂದು ಅತ್ತು ಸೆರಗು ಎಳೆದರೂ ಮನೋರಮಾ ಜಗ್ಗಲಿಲ್ಲ. ಊರಿನಿಂದ ರಾಗಿಹಿಟ್ಟು ತರಿಸಿದರು. ಪಾಲಕ್ ಹಾಕಿದ ಬೇಳೆಗೆ ನಿಂಬೆಹಣ್ಣು ಹಿಂಡಿ, ಅನ್ನದ ಜೊತೆ ಹಿಸುಕಿ ತಿನ್ನಿಸಿದರು. ಡಾಕ್ಟರು ಬರೆದುಕೊಟ್ಟ ಟಾನಿಕ್ ಒಂದು ಹೊತ್ತೂ ತಪ್ಪಿಸಲಿಲ್ಲ. ಮಗು ಮೊದಮೊದಲು ಎಲ್ಲವನ್ನೂ ಉಗಿಯಿತು, ಆಮೇಲೆ ಹಸಿವು ತಾನೇ ದಾರಿ ಮಾಡಿತು. ಬೂತಿನವನು ರೂಢಿಯಂತೆ ತೆಗೆದಿಟ್ಟ ಪ್ಯಾಕೆಟ್‌ಗಳಲ್ಲಿ ಇವರು ಒಂದನ್ನಷ್ಟೇ ಒಯ್ಯತೊಡಗಿದಾಗ, ಮಾತಾಜಿ ಊರಿಗೆ ಹೊರಟಿರಬೇಕು ಎಂದುಕೊಂಡನಂತೆ.

ಚಳಿಗಾಲ ಮುಗಿಯುವ ಹೊತ್ತಿಗೆ ಧಾರಿಣಿ ಪಾರ್ಕಿನ ತುಂಬ ಓಡತೊಡಗಿದಳು. ಬೆಂಚಿನಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಕಪೂರ್ ಆಂಟಿ ಅವಳನ್ನು ನೋಡಿ ಮರುಕದಿಂದ, "ಮಾತಾಜಿ, ಬಚ್ಚೀ ತೋ ಫಿರ್ ಕಾಲಿ ಹೋ ಗಯೀ" ಎಂದರು.

ಮಗು ಮತ್ತೆ ಕಪ್ಪಾಯಿತಲ್ಲ ಎಂಬ ಮಾತು ಮನೋರಮಾಗೆ ಅರ್ಥವಾಯಿತು. ಎದ್ದು ಹೋಗಿ, ಓಡುತ್ತಿದ್ದ ಮೊಮ್ಮಗಳನ್ನು ಹಿಡಿದು ತಂದು, ಕೆಳರೆಪ್ಪೆ ಎಳೆದು ಒಳಗಿನ ಕೆಂಪನ್ನು ಕಪೂರ್ ಆಂಟಿಗೆ ತೋರಿಸಿದರು.

"ದೇಖೋ," ಎಂದರು. "ಲಾಲ್."